ಎರಡು ಮೀಟರಿನ ಮನೆ

ಈರಬಸಪ್ಪ ಸಾವಕಾರರು ಯಾರ ಮನೆಯ ಕಾರ್ಯಕ್ಕೆ ಹೋದರೂ ಕೂಡು ಕುಟುಂಬದ ಬಗ್ಗೆ ನಾಲ್ಕು ಮಾತಾಡದೆ ಎದ್ದು ಬರುವುದಿಲ್ಲ. ಮದುವೆಯಲ್ಲಿ ಮಾತಾಡುತ್ತಾರೆ, ತೊಟ್ಟಿಲ ಕಾರ್ಯದಲ್ಲಿ ಮಾತಾಡುತ್ತಾರೆ, ಸತ್ತವರ ಮನೆಗೆ ಮಾತಾಡಿಸಿ ಬರಲು ಹೋದಾಗಲೂ ಬಿಡುವುದಿಲ್ಲ. ಹೋದ ವರ್ಷ ಮಠದಲ್ಲಿ ಸಾಮೂಹಿಕ ಲಗ್ನವಾದಾಗ ಅವರ ಕೈಗೆ ಮೈಕು ಸಿಕ್ಕಿತು. "ನಮ್ಮ ಮನ್ಯಾಗ ಒಂದ ಒಲಿ, ಒಂದ ಬಾಗಲಾ, ಒಂದ ಮಾತು" ಎಂದು ಶುರುಮಾಡಿದವರು ವಧೂವರರಿಗೆ ಹಸಿವಾಗಿ ಮುಖ ಬಾಡುವ ತನಕ ನಿಲ್ಲಿಸಲಿಲ್ಲ. ಮೈಕು ಬಿಡಿಸಲು ಬೇರೆ ದಾರಿ ಕಾಣದೆ ಯಾರೋ ಶಾಲು ತಂದು ಹೊದಿಸಿದರು. ಆ ಶಾಲು ಹೊದ್ದ ಫೋಟೋ ಈಗ ಅವರ ಪಡಸಾಲೆಯಲ್ಲಿದೆ.

ಅವರ ಕೂಡು ಕುಟುಂಬದಲ್ಲಿ ಇರುವುದು ನಾಲ್ಕು ಜನ. ಅವರು, ಹೆಂಡತಿ ಶಿವಗಂಗವ್ವ, ಮಗ ಹೇಮಂತ, ಸೊಸೆ ಶಾಂಭವಿ. ಇಬ್ಬರು ತಮ್ಮಂದಿರಿದ್ದರು. ಒಬ್ಬ ನವಲಗುಂದಕ್ಕೆ, ಇನ್ನೊಬ್ಬ ಕುಂದಗೋಳಕ್ಕೆ ಹೋಗಿ ನೆಮ್ಮದಿಯಾಗಿದ್ದಾರೆ. ಅವರೇಕೆ ಹೋದರು ಎಂದು ಕೇಳಿದರೆ ಸಾವಕಾರರು ಕೆಲಸದ ಸಲುವಾಗಿ ಎನ್ನುತ್ತಾರೆ. ಕುಂದಗೋಳಕ್ಕೆ ಹೋದವನಿಗೆ ಯಾವ ಕೆಲಸವೂ ಇರಲಿಲ್ಲವೆಂಬುದು ನಮ್ಮೂರು ಮೊರಬಕ್ಕೆಲ್ಲ ಗೊತ್ತು. ನನಗಂತೂ ಇನ್ನೂ ಚೆನ್ನಾಗಿ ಗೊತ್ತು, ಯಾಕೆಂದರೆ ನಮ್ಮ ಮಾಳಿಗೆಗೂ ಅವರ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಗೋಡೆಯಷ್ಟೇ ಇದೆ. ನನ್ನ ಹೆಸರು ಫರಹತ್. ಮೇಲೆ ತಗಡಿನ ನೆರಳಿನಲ್ಲಿ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರ ಬ್ಲೌಸು ಹೊಲಿಯುತ್ತೇನೆ. ನನ್ನ ಗಂಡ ಯುನೂಸ್‌ನದು ಬಸ್ ಸ್ಟ್ಯಾಂಡಿನ ಹತ್ತಿರ ಕರೆಂಟಿನ ಸಾಮಾನಿನ ಅಂಗಡಿ. ಊರ ಸುದ್ದಿ ಅರ್ಧ ಅವನ ಅಂಗಡಿಗೆ ಬರುತ್ತದೆ, ಉಳಿದರ್ಧ ನನ್ನ ಮಷಿನ್ನಿಗೆ.

ಶಾಂಭವಿ ಅಣ್ಣಿಗೇರಿಯ ಹುಡುಗಿ. ಗಣಿತದಲ್ಲಿ ಎಂಎಸ್ಸಿ ಮಾಡಿ, ದಿನಾ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ಹೈಸ್ಕೂಲಿನ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಲಗ್ನದ ಮಾತುಕತೆಯಲ್ಲಿ ಸಾವಕಾರರು, "ಹುಡುಗಿ ಶಾಣ್ಯಾಕಿ ಇರೂದು ನಮಗ ಹೆಮ್ಮಿ" ಎಂದಿದ್ದರು. ಲಗ್ನವಾದ ಮೇಲೆ, "ನಮ್ಮ ಮನಿ ಸೊಸಿ ಬಸ್ಸಿನ್ಯಾಗ ಜೋತಬಿದ್ದು ಹೋಗೂದು ಮನಿತನಕ್ಕ ಒಪ್ಪಂಗಿಲ್ಲ. ಮನ್ಯಾಗ ಕುಂತು ಏನರ ಮಾಡಲಿ, ನಂದೇನೂ ತಕರಾರಿಲ್ಲ" ಎಂದರು. ಮನೆಯಲ್ಲಿ ಕೂತು ಮಾಡುವ ಗಣಿತವೇನಿದೆ? ರೊಟ್ಟಿ ಎಣಿಸುವುದು. ಆ ಹುಡುಗಿ ವರ್ಷವಿಡೀ ರೊಟ್ಟಿ ಎಣಿಸಿದಳು. ಸಂಜೆ ಮಾಳಿಗೆಗೆ ಬಂದು ನನ್ನ ಜೊತೆ ಮಾತಾಡುವಾಗ ಅವಳ ಮುಖ ನೋಡಿ ನನಗೆ ಸಿಟ್ಟು ಬರುತ್ತಿತ್ತು.

ಕೊನೆಗೆ ಅವಳೇ ಹುಡುಕಿಕೊಂಡಳು. ಕಂಪ್ಯೂಟರಿನ ಮುಂದೆ ಕೂತು ಬೇರೆ ಬೇರೆ ಊರಿನ ಮಕ್ಕಳಿಗೆ ಗಣಿತ ಹೇಳಿಕೊಡುವ ಕೆಲಸ. ಕಂಪನಿಯವರು ಮಾತಾಡಿಸಿ ಮೆಚ್ಚಿಕೊಂಡಿದ್ದರು. ಇನ್ನು ಒಂದು ಪಾಠ ಮಾಡಿ ತೋರಿಸಬೇಕು, ಅವರ ಕಡೆಯವರು ಕೂತು ನೋಡುತ್ತಾರೆ, ಚೆನ್ನಾಗಿ ನಡೆದರೆ ಕೆಲಸ. ನಡುವೆ ಲೈನು ಕಡಿದುಹೋದರೆ ಕೆಲಸ ಇಲ್ಲ ಎಂದು ಮೊದಲೇ ಖಂಡಿತವಾಗಿ ಹೇಳಿದ್ದರು. ಆ ಒಂದು ಪಾಠದ ಮೇಲೆ ಅವಳ ಜೀವವೆಲ್ಲ ನಿಂತಿತ್ತು.

ಇಂಟರ್ನೆಟ್ಟು ಮನೆಗೆ ಬಂದಿತ್ತು, ಆದರೆ ಪಡಸಾಲೆಗೆ. ರೂಟರು ಸಾವಕಾರರ ಶಾಲಿನ ಫೋಟೋದ ಕೆಳಗೆ, ಅವರ ಕುರ್ಚಿಯ ಬಾಜುವಿನಲ್ಲಿ ಕೂತಿತ್ತು. ಅವರಿಗೆ ಬ್ಯಾಡಗಿಯ ಮೆಣಸಿನಕಾಯಿ ರೇಟು ನೋಡಬೇಕು, ಎತ್ತಿನ ಓಟದ ವಿಡಿಯೋ ನೋಡಬೇಕು. ಶಾಂಭವಿಯ ಖೋಲಿ ಮಾಳಿಗೆಯ ಮೇಲೆ. ಅಜ್ಜನ ಕಾಲದ ಮಣ್ಣಿನ ಗೋಡೆ, ಎರಡು ಮೊಳ ದಪ್ಪ. ವೈಫೈ ಮೂರನೇ ಮೆಟ್ಟಿಲಿನವರೆಗೆ ಬಂದು ಅಲ್ಲಿಗೇ ಪ್ರಾಣ ಬಿಡುತ್ತಿತ್ತು. ಪಡಸಾಲೆಯಲ್ಲೇ ಕೂತು ಮಾಡೋಣವೆಂದರೆ ಅಲ್ಲಿ ಮಾವನ ದರಬಾರು. ಕಂಪನಿಯವರು ಮೊದಲ ಸಲ ಮಾತಾಡಿಸಿದ ದಿನ ಅವಳು ಅಲ್ಲೇ ಕೂತಿದ್ದಳು. ಸಾವಕಾರರು ಕುರ್ಚಿ ಎಳೆದುಕೊಂಡು ಬಂದು ಕ್ಯಾಮರಾದ ಮುಂದೆ ಮುಖ ಇಟ್ಟು, "ನಮಸ್ಕಾರ್ರಿ, ನಾನು ಈರಬಸಪ್ಪ, ಹುಡುಗಿ ಮಾವ. ನಿಮ್ದು ಯಾವ ಊರು?" ಎಂದು ವಿಚಾರಿಸಿದ್ದರು.

ಕೇಬಲ್ಲಿನವನು ಸುಲಭದ ದಾರಿ ಹೇಳಿದ. ಮೇಲಿನ ಖೋಲಿಗೆ ಇನ್ನೊಂದು ಲೈನು ಎಳೆದರೆ ಮುಗಿಯಿತು. ಸಾವಕಾರರು ಅವನನ್ನು ಮನೆ ಒಡೆಯಲು ಬಂದವನ ಹಾಗೆ ನೋಡಿದರು.

"ಒಂದ ಮನಿಗೆ ಎರಡು ವಾಯರ್ ಬಂದ್ರ ನೋಡಿದವರು ಏನಂತಾರ್ಲೇ? ಈರಬಸಪ್ಪನ ಮನಿ ಒಡೀತು ಅಂತಾರ. ಒಂದ ಮನಿ, ಒಂದ ಲೈನು. ಮಠದಾಗ ಮೈಕ್ ಹಿಡದು ಹೇಳೇನಿ ನಾ!"

ಹೇಮಂತನಿಗೆ ಅಪ್ಪನೆದುರು ಮಾತು ಬರುವುದಿಲ್ಲ, ಹೆಂಡತಿಯೆದುರು ನಿದ್ದೆ ಬರುವುದಿಲ್ಲ. ಸೊಸೈಟಿಯ ಗೊಬ್ಬರದ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿ ಹುಡುಕಿ ಒಂದು ಉಪಾಯ ಕಂಡುಹಿಡಿದ. ಹುಬ್ಬಳ್ಳಿಗೆ ಹೋಗಿ ಅಂಗೈಯಗಲದ ಎರಡು ಬಿಳಿ ಡಬ್ಬಿ ತಂದ. ಪವರ್‌ಲೈನ್ ಅಡಾಪ್ಟರ್ ಎಂದು ಅದರ ಹೆಸರು. ಒಂದನ್ನು ರೂಟರಿನ ಪಕ್ಕದ ಸಾಕೆಟ್ಟಿಗೆ ಚುಚ್ಚಿ ರೂಟರಿಗೆ ಜೋಡಿಸಬೇಕು, ಇನ್ನೊಂದನ್ನು ಮೇಲಿನ ಖೋಲಿಯ ಸಾಕೆಟ್ಟಿಗೆ ಚುಚ್ಚಬೇಕು. ಗೋಡೆಯೊಳಗಿನ ಕರೆಂಟಿನ ವೈರಿನಲ್ಲಿಯೇ ಇಂಟರ್ನೆಟ್ಟು ಹರಿದು ಮೇಲೆ ಹೋಗುತ್ತದೆ. ಹೊಸ ವೈರು ಬೇಡ, ಗೋಡೆ ಕೊರೆಯುವುದು ಬೇಡ, ಓಣಿಯವರಿಗೆ ಕಾಣುವಂಥದ್ದು ಏನೂ ಇಲ್ಲ.

"ಇದ ನೋಡು ಕೂಡು ಕುಟುಂಬದ ಮಷಿನ್!" ಎಂದು ಸಾವಕಾರರು ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ತೂಗಿದರು.

ಚುಚ್ಚಲು ನನ್ನ ಗಂಡನನ್ನು ಕರೆದರು. ಚುಚ್ಚುವುದಕ್ಕೂ ಒಬ್ಬ ಬೇಕು ನೋಡಿ. ನಾನೂ ಹಿಂದೆ ಹೋದೆ. ಡಬ್ಬಿಯ ಮೇಲೆ ಮೂರು ದೀಪ. ಎರಡೂ ಡಬ್ಬಿ ಒಂದನ್ನೊಂದು ಕಂಡುಕೊಂಡರೆ ಮೂರನೆಯದು ಹೊತ್ತಿಕೊಳ್ಳಬೇಕು. ಮೇಲಿನ ಖೋಲಿಯಲ್ಲಿ ಅದು ಹೊತ್ತಲಿಲ್ಲ. ಅಡುಗೆಮನೆಯಲ್ಲಿ ಚುಚ್ಚಿದರೆ ಹೊತ್ತಿತು. ದೇವರಮನೆಯಲ್ಲಿ ಹೊತ್ತಿತು. ಹಿತ್ತಲ ಕೊಟ್ಟಿಗೆಯಲ್ಲಂತೂ ಅಗದಿ ಜೋರಾಗಿ ಹೊತ್ತಿತು. ಎಮ್ಮೆಗೆ ಸಿಕ್ಕ ಇಂಟರ್ನೆಟ್ಟು ಸೊಸೆಗೆ ಸಿಗಲಿಲ್ಲ.

ಆಮೇಲೆ ಗಂಡಸರ ಪಾಂಡಿತ್ಯ ಶುರುವಾಯಿತು. ಯುನೂಸ್ ಗೋಡೆಗೆ ಕಿವಿಯಿಟ್ಟು ಕೇಳಿ, "ಎರಿ ಮಣ್ಣಿನ ನೆಲಾ ಐತಲ್ರಿ ಸಾವಕಾರ್ರ, ಬ್ಯಾಸಗ್ಯಾಗ ಬಿರಿತೈತಿ, ಅದಕ್ಕ ಒಳಗ ವಾಯರ್ ಜಗ್ಗಿರತೈತ್ರಿ" ಎಂದ. ಹೇಮಂತ ಸಾಫ್ಟ್‌ವೇರ್ ಹಳೆಯದಾಗಿರಬೇಕು ಎಂದ. ಸಾವಕಾರರು ಇಂಟರ್ನೆಟ್ಟು ಭಾರವಾಗಿರುವುದರಿಂದ ಮೇಲೆ ಹತ್ತಲು ಒಲ್ಲೆನ್ನುತ್ತದೆ, ಕೆಳಗೆ ಸಲೀಸಾಗಿ ಹರಿಯುತ್ತದೆ ಎಂದು ತೀರ್ಮಾನ ಕೊಟ್ಟರು. ನೀರಾವರಿ ಮಾಡಿದವರಲ್ಲವೇ. ಶಾಂಭವಿ ಮೂವರ ಮಾತನ್ನೂ ಕೇಳಿ ಡಬ್ಬಿ ಹಿಡಿದುಕೊಂಡು ಮೇಲೆ ಹೋದಳು.

ಯುನೂಸ್ ಮೇನ್ ಸ್ವಿಚ್ಚು ತೆಗೆದು ವೈರು ಬಿಗಿ ಮಾಡುತ್ತೇನೆಂದ. ತೆಗೆದ. ಪಡಸಾಲೆಯ ಟೀವಿ ಆರಿತು, ಅಡುಗೆಮನೆಯ ಮಿಕ್ಸರು ನಿಂತಿತು, ಫ್ರಿಜ್ಜು ಗೊರಗೊರ ಎಂದು ಸುಮ್ಮನಾಯಿತು.

ಮೇಲಿನಿಂದ ಶಾಂಭವಿ ಕೂಗಿದಳು. "ಯುನೂಸಣ್ಣಾ, ತಗೀರಿ ಮತ್ತ!"

"ತಗದೇನವಾ!"

"ಎಲ್ಲಿ ತಗದೀರಿ? ನನ್ನ ಫ್ಯಾನ್ ತಿರಗಾಕತ್ತೈತಿ."

ಯುನೂಸ್ ಸಾವಕಾರರ ಮುಖ ನೋಡಿದ. ಸಾವಕಾರರು ಫೋಟೋದ ಕಡೆ ನೋಡಿದರು. ಹೇಮಂತ ನೆಲ ನೋಡಿದ. ಶಾಂಭವಿ ಇಳಿದು ಬಂದು ಕತ್ತಲ ಪಡಸಾಲೆಯಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡಿದಳು. ಕೊನೆಗೆ ಬಾಯಿಬಿಟ್ಟದ್ದು ಶಿವಗಂಗವ್ವ.

"ನಿಮ್ಮ ಖೋಲಿ ಮೀಟರ್ ಬ್ಯಾರೆ ಐತಿ ತಂಗಿ. ನೀವು ಬ್ಯಾರೆ ಆಗೀರಲ್ಲ."

ವಿಷಯ ಇಷ್ಟು. ಸರಕಾರ ಮನೆಗಿಷ್ಟು ಎಂದು ಕರೆಂಟು ಪುಕ್ಕಟೆ ಮಾಡಿದಾಗ ಸಾವಕಾರರ ಮನೆಯ ಖರ್ಚು ಆ ಮಿತಿಯೊಳಗೆ ನಿಲ್ಲಲಿಲ್ಲ. ಫ್ರಿಜ್ಜು, ಬೋರಿನ ಮೋಟರು, ಗೀಜರು ಎಲ್ಲವೂ ಇತ್ತು. ಒಂದು ಮನೆಯನ್ನು ಎರಡು ಮಾಡಿದರೆ ಎರಡೂ ಪುಕ್ಕಟೆಯಲ್ಲಿ ಕೂರುತ್ತವೆ. ಮಗನ ಲಗ್ನ ಒಳ್ಳೆಯ ನೆಪವಾಯಿತು. ಸೊಸೆಯ ಕೈಯ ಮೆಹಂದಿ ಮಾಸುವ ಮೊದಲೇ, ಮಗ ಬೇರೆಯಾಗಿದ್ದಾನೆ, ಅಡುಗೆ ಬೇರೆ ಮಾಡಿಕೊಳ್ಳುತ್ತಾನೆ ಎಂದು ಬರೆದುಕೊಟ್ಟು ಮೇಲಿನ ಖೋಲಿಗೆ ಇನ್ನೊಂದು ಮೀಟರು ತಂದರು. ಅದು ಹಿತ್ತಲ ಗೋಡೆಯಲ್ಲಿ ಹೊಟ್ಟಿನ ಚೀಲಗಳ ಮರೆಯಲ್ಲಿತ್ತು. ಕೂರಿಸಿದವನು ನನ್ನ ಗಂಡ. ಬಿರಿದ ನೆಲವನ್ನೆಲ್ಲ ನೋಡಿದವನಿಗೆ ತಾನೇ ಕೂರಿಸಿದ ಮೀಟರು ನೆನಪಾಗಿರಲಿಲ್ಲ. ಡಬ್ಬಿಗಳಿಗಾದರೋ ಒಂದು ಮೀಟರಿನ ವೈರಿನಿಂದ ಇನ್ನೊಂದು ಮೀಟರಿನ ವೈರಿಗೆ ದಾಟುವುದು ಆಗುವುದಿಲ್ಲ. ಶಾಲು ಹೊದ್ದವರ ಮಾತನ್ನು ಊರೆಲ್ಲ ನಂಬಿತ್ತು, ಆ ಡಬ್ಬಿಗಳು ನಂಬಲಿಲ್ಲ.

ಅಂದು ಸಂಜೆ ಶಾಂಭವಿ ಗೋಡೆಯ ಹತ್ತಿರ ಬಂದು ನಿಂತಳು. "ಫರಹತಕ್ಕಾ, ನಾ ಬ್ಯಾರೆ ಆಗಿ ವರ್ಷದ ಮ್ಯಾಲಾತಂತ. ನನಗ ಗೊತ್ತ ಇರಲಿಲ್ಲ" ಎಂದು ನಕ್ಕಳು. ನಗು ಮುಗಿಯುವಷ್ಟರಲ್ಲಿ ಕಣ್ಣು ತುಂಬಿತು. "ದಿನಾ ಎಲ್ಲಾರಿಗೂ ರೊಟ್ಟಿ ಬಡದೇನಿ. ಬ್ಯಾರೆ ಆದಾಕಿ ಯಾಕ ಬಡೀಬೇಕಿತ್ತು?"

ನನ್ನ ಗಂಡ ಮನೆಗೆ ಬಂದು, "ನನಗ ಮೊದಲ ಡೌಟ್ ಇತ್ತು" ಎಂದ. ಅವನಿಗೆ ಬಡಿಸುತ್ತಿದ್ದ ಸಾರನ್ನು ನಾನು ವಾಪಸು ಪಾತ್ರೆಗೆ ಸುರಿದೆ.

ಮರುದಿನ ಅವಳು ಮಾವನನ್ನು ನೇರವಾಗಿ ಕೇಳಿದಳು. "ಮಾವಾರ, ಹೆಂಗೂ ಮೀಟರ್ ಬ್ಯಾರೆ ಐತಿ. ಮ್ಯಾಲೆ ಒಂದು ಲೈನ್ ತಗೋತೇನ್ರಿ."

"ಏ, ಅದು ಕಾಗದದ ಮ್ಯಾಲಿಂದವಾ. ಕಾಗದದ ಮ್ಯಾಲೆ ಬ್ಯಾರೆ ಇರೂದಕ್ಕೂ ಖರೇ ಬ್ಯಾರೆ ಇರೂದಕ್ಕೂ ಫರಕ್ ಐತಿ. ವಾಯರ್ ಓಣ್ಯಾಗ ಕಾಣತೈತಿ, ಮೀಟರ್ ಕಾಣಂಗಿಲ್ಲ." ಸಾವಕಾರರು ಇದನ್ನು ಗುಟ್ಟಾಗಿ ಅಲ್ಲ, ಬುದ್ಧಿ ಹೇಳುವ ಧಾಟಿಯಲ್ಲಿಯೇ ಹೇಳಿದರು. ತಮ್ಮ ಮಾತಿನಲ್ಲಿ ನಾಚಿಕೊಳ್ಳುವಂಥದ್ದು ಏನಾದರೂ ಇದೆ ಎಂದು ಅವರಿಗೆ ಅನಿಸಲೇ ಇಲ್ಲ.

ಮುಂದಿನ ಉಪಾಯ ಅವರದೇ. ಅಡುಗೆಮನೆಯ ಸಾಕೆಟ್ಟಿನಿಂದ ಕೆಂಪು ವೈರಿನ ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡು ಎಳೆದು, ಮೆಟ್ಟಿಲ ಗುಂಟ ಹಾಯಿಸಿ, ಮೇಲಿನ ಖೋಲಿಗೆ ಮುಟ್ಟಿಸಿದರು. ಕೆಳಗಿನ ಮೀಟರಿನ ಕರೆಂಟು ಮೇಲೆ ಹೋಯಿತು. ಡಬ್ಬಿಯನ್ನು ಅದಕ್ಕೆ ಚುಚ್ಚಿದ ಕೂಡಲೇ ಮೂರನೇ ದೀಪ ಹೊತ್ತಿತು. ಶಾಂಭವಿಯ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಬೆಳಕು ಕಂಡೆ. "ನೋಡಿದೇನವಾ, ಮನಸ್ಸಿದ್ರ ಎಲ್ಲಾ ಕೂಡತಾವ" ಎಂದು ಸಾವಕಾರರು ಮೀಸೆ ತಿರುವಿದರು.

ಪಾಠದ ದಿನ ಬಂತು. ಶಾಂಭವಿ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು, ನಾನು ಹೊಲಿದುಕೊಟ್ಟ ಹಸಿರು ಬ್ಲೌಸು ತೊಟ್ಟು ಕೂತಳು. ಅವಳ ಖೋಲಿಯ ಕಿಟಕಿ ನಮ್ಮ ಮಾಳಿಗೆಗೆ ಎದುರು. ನಾನು ಮಷಿನ್ನಿನ ಸದ್ದು ಬೇಡವೆಂದು ಕೈಹೊಲಿಗೆ ಹಿಡಿದು ಕೂತಿದ್ದೆ. ಅವಳು ಒಂದು ಕಾಗದ ಮಡಚಿ, ಬಿಚ್ಚಿ, ಮತ್ತೆ ಮಡಚಿ ಕೋನಗಳ ಬಗ್ಗೆ ಹೇಳುತ್ತಿದ್ದಳು. ಎಲ್ಲೆಲ್ಲಿಯ ಮಕ್ಕಳೋ ನಗುತ್ತಾ ಉತ್ತರ ಕೊಡುತ್ತಿದ್ದವು. ಲೆಕ್ಕವೆಂದರೆ ಜ್ವರ ಬರುತ್ತಿದ್ದ ನನಗೂ ಅರ್ಥವಾಗುತ್ತಿತ್ತು. ಈ ಹುಡುಗಿಯನ್ನು ರೊಟ್ಟಿ ಬಡಿಯಲು ಕೂರಿಸಿದ್ದರಲ್ಲ ಎಂದು ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಹೇಮಂತನ ಫೋನು ಬಂತು, ಹೆಂಡತಿಗಲ್ಲ, ಅಪ್ಪನಿಗೆ. ಕರೆಂಟಿನ ಆಫೀಸಿನವರು ಊರಿಗೆ ಬಂದಿದ್ದಾರೆ, ಒಂದೇ ಮನೆಗೆ ಎರಡು ಮೀಟರಿದ್ದ ಕಡೆ ಖರೇ ಬೇರೆ ಇದ್ದಾರೋ ಇಲ್ಲವೋ ನೋಡುತ್ತಿದ್ದಾರೆ, ಬಾಜು ಓಣಿಗೆ ಬಂದಾಯಿತು.

ಮುಂದಿನದನ್ನು ನಾನು ಮಾಳಿಗೆಯಿಂದಲೇ ನೋಡಿದೆ. ಸಾವಕಾರರು ಅಂಗಳದಲ್ಲಿ ಕೂಗಾಡಿ ಹೆಂಡತಿಯ ಕೈಗೆ ಹಳೆಯ ಗ್ಯಾಸ್ ಒಲೆ ಕೊಟ್ಟರು, ತಾವು ಸಣ್ಣ ಸಿಲಿಂಡರು ಹೊತ್ತರು. "ಮ್ಯಾಲೆ ಒಂದು ಸಂಸಾರ ಐತಿ ಅಂತ ಕಾಣಬೇಕು. ನಾಕು ತಾಟು ತಗೊ, ಚಹಾದ ಪಾತೇಲಿ ತಗೊ, ಉಪ್ಪಿನಕಾಯಿ ಭರಣಿ ತಗೊ!" ಶಿವಗಂಗವ್ವ ಏದುಸಿರು ಬಿಡುತ್ತಾ ಒಲೆ ಹೊತ್ತು ಖೋಲಿಯೊಳಗೆ ಬಂದಳು. ಕ್ಯಾಮರಾದಲ್ಲಿ ಶಾಂಭವಿಯ ಹೆಗಲ ಹಿಂದೆ ಒಂದು ಒಲೆ, ಆಮೇಲೆ ಒಬ್ಬ ಅಜ್ಜಿ, ಆಮೇಲೆ ಉಪ್ಪಿನಕಾಯಿ ಭರಣಿ ಕಾಣಿಸಿಕೊಂಡವು. ಮಕ್ಕಳು ಜೋರಾಗಿ ನಕ್ಕವು. ಶಾಂಭವಿ ತಿರುಗಿ ನೋಡಿ, "ಇವರು ನಮ್ಮ ಅತ್ತೆ. ಈ ಒಲೆಯ ಮೂಲೆ ಎಷ್ಟು ಡಿಗ್ರಿ ಇದೆ, ಯಾರು ಹೇಳುತ್ತೀರಿ?" ಎಂದು ಪಾಠ ಮುಂದುವರಿಸಿದಳು. ಕೈಯಲ್ಲಿದ್ದ ಬಟ್ಟೆ ಬಿಟ್ಟು ಚಪ್ಪಾಳೆ ತಟ್ಟಬೇಕು ಅನಿಸಿತು ನನಗೆ.

ಆಗ ಸಾವಕಾರರಿಗೆ ಮೆಟ್ಟಿಲಿನ ಕೆಂಪು ವೈರು ಕಂಡಿತು. ಕೆಳಗಿನ ಮೀಟರಿನಿಂದ ಮೇಲಿನ ಖೋಲಿಗೆ ಹೋದ ವೈರು ಸಾಹೇಬರ ಕಣ್ಣಿಗೆ ಬಿದ್ದರೆ ಬೇರೆಯಾದ ನಾಟಕ ಅಲ್ಲಿಗೇ ಮುಗಿಯುತ್ತದೆ. ಅವರು ಕೂಗಿ ಹೇಳಲಿಲ್ಲ, ಕೇಳಲಿಲ್ಲ. ಅಡುಗೆಮನೆಗೆ ಹೋಗಿ ಪ್ಲಗ್ಗು ಕಿತ್ತರು. ಕಿತ್ತು ವೈರು ಸುತ್ತಿಕೊಳ್ಳುತ್ತಾ ಮೆಟ್ಟಿಲು ಹತ್ತಿದರು.

ಶಾಂಭವಿಯ ಪರದೆಯಲ್ಲಿ ಒಂದು ಮಗು ಬಾಯಿ ತೆರೆದದ್ದು ಹಾಗೇ ನಿಂತುಬಿಟ್ಟಿತು.

ಅವಳು ಹೊರಗೆ ಓಡಿಬಂದಳು. ಮಾವ ವೈರಿನ ಸುರುಳಿ ಹಿಡಿದು ನಿಂತಿದ್ದರು. "ಮಾವಾರ, ಇನ್ನೇನು ಮುಗೀತಿತ್ತಲ್ರಿ! ಚುಚ್ಚ್ರಿ, ಕೈ ಮುಗೀತೇನಿ, ಲಗೂನ ಚುಚ್ಚ್ರಿ!"

"ನಿಂದೇನವಾ, ನಾಳೆ ಮಾಡಿದ್ರಾತು. ಬಾಗಲದಾಗ ಸಾಹೇಬರು ಬಂದಾರ. ಮೊದಲ ಆ ಒಲಿ ಮ್ಯಾಲೆ ಚಹಾ ಇಡು, ಹಬಿ ಆಡಲಿ" ಎಂದು ಅವರು ವೈರನ್ನು ಕಾಳಿನ ಡಬ್ಬಿಯೊಳಗೆ ತುರುಕಲು ಇಳಿದುಹೋದರು.

ನಾಳೆ ಮಾಡಿದರಾಯಿತು ಎಂಬ ಮಾತನ್ನು ಕೇಳಿ ಅವಳು ನಿಂತಲ್ಲೇ ನಿಂತಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಬಂದವರು ಒಬ್ಬ ಹೆಣ್ಣುಮಗಳು ಅಧಿಕಾರಿ ಮತ್ತು ಅವರ ಜೊತೆ ಒಬ್ಬ ಲೈನ್‌ಮನ್. ಓಣಿಯವರೆಲ್ಲ ಕಟ್ಟೆಗೆ ಬಂದು ನೆರೆದಿದ್ದರು, ಇಂಥದ್ದು ನೋಡಲು ಯಾರೂ ಹೇಳಿಕಳಿಸಬೇಕಿಲ್ಲ. ಜನ ಸೇರಿದ್ದು ಕಂಡು ಸಾವಕಾರರಿಗೆ ಹಳೆಯ ಹುರುಪು ಬಂತು. ಮೈಕೊಂದು ಇರಲಿಲ್ಲ ಅಷ್ಟೇ.

"ಬ್ಯಾರೆ ಅಂದ್ರ ಅಗದಿ ಬ್ಯಾರೇನ್ರಿ ಬಾಯಾರ! ಒಲಿ ಬ್ಯಾರೆ, ಅಡಗಿ ಬ್ಯಾರೆ, ಸಂತಿ ಬ್ಯಾರೆ. ಅವರು ಏನುಂಡ್ರು ಅಂತ ನನಗ ಗೊತ್ತಿಲ್ಲ, ನಾ ಏನುಂಡೆ ಅಂತ ಅವರಿಗೆ ಗೊತ್ತಿಲ್ಲ. ಈಗಿನ ಕಾಲದಾಗ ಯಾರು ಕೂಡಿ ಇರತಾರ್ರಿ? ಹುಡುಗೂರು ಕೇಳಂಗಿಲ್ಲ. ನಾನ ಕೈ ಮುಗದು ಬ್ಯಾರೆ ಇಟ್ಟೇನಿ."

ಯಾರೋ ಕೆಮ್ಮಿದರು. ಆ ಕೆಮ್ಮಿನೊಳಗೆ ನಗು ಇತ್ತು.

ಅಧಿಕಾರಿ ಮೇಲೆ ಹೋಗಿ ಒಲೆ ನೋಡಿದರು, ಕುದಿಯುವ ಚಹಾ ನೋಡಿದರು. ಆಮೇಲೆ ಶಾಂಭವಿಯನ್ನು ಕೇಳಿದರು. "ಏನವಾ, ನೀವು ಖರೇನ ಬ್ಯಾರೆ ಅದೀರೇನು? ನೀ ಹೇಳು."

ಕೆಳಗೆ ಸಾವಕಾರರು ಕತ್ತೆತ್ತಿ ಮೇಲೆ ನೋಡಿದರು. ಅವಳು ಒಂದು ಮಾತಿನಲ್ಲಿ ಇವರನ್ನು ಮುಳುಗಿಸಬಹುದಿತ್ತು. ನಾನಾಗಿದ್ದರೆ ಮುಳುಗಿಸುತ್ತಿದ್ದೆ.

ಶಾಂಭವಿ ಮಾಳಿಗೆಯ ಕಟಕಟೆಯ ಹತ್ತಿರ ಬಂದು, ಓಣಿಗೆಲ್ಲ ಕೇಳುವ ಹಾಗೆ, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ ಹೇಳಿದಳು. "ಹೌದ್ರಿ. ಬ್ಯಾರೆ ಅದೀವ್ರಿ. ಇದ ನನ್ನ ಒಲಿ."

ಅಧಿಕಾರಿ ಚಹಾ ಕುಡಿದು ಹೋದರು. ಸಾವಕಾರರು ಸೊಸೆಯ ಜಾಣತನವನ್ನು ಹೊಗಳುತ್ತಾ ಕುರ್ಚಿಯಲ್ಲಿ ಕಾಲು ಚಾಚಿದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮೇಲಿನ ಖೋಲಿಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಕೆಳಗಿನ ಅಡುಗೆಮನೆಯಿಂದಲೂ ಕೇಳಿಸುತ್ತಿತ್ತು, ಅಲ್ಲಿ ಬಡಿಯುತ್ತಿದ್ದದ್ದು ಶಿವಗಂಗವ್ವ. ಒಂದೇ ಮನೆಯಲ್ಲಿ ಎರಡು ಕಡೆ ರೊಟ್ಟಿ. ಸಾವಕಾರರು ಮೊದಲು ಪ್ರೀತಿಯಿಂದ ಕರೆದರು, ಆಮೇಲೆ ಜೋರು ಮಾಡಿ ಕರೆದರು, ಆಮೇಲೆ ಮೇಲೆಯೇ ಬಂದರು.

"ಸಾಹೇಬರು ಹೋಗಿ ಎಷ್ಟೊತ್ತಾತು! ಒಲಿ ಕೆಳಗ ತಗೊಂಡು ಬಾ. ಏನು ಹುಡಗಾಟ ಇದು?"

"ಹುಡಗಾಟ ಅಲ್ರಿ ಮಾವಾರ. ಇಡೀ ಓಣಿ ಮುಂದ ನೀವು ಬ್ಯಾರೆ ಅಂದ್ರಿ, ಸರಕಾರದವರ ಮುಂದ ನಾನೂ ಬ್ಯಾರೆ ಅಂದೆ. ನೀವು ಅಂದಿದ್ದು ಸುಳ್ಳು ಇರಬಹುದು. ನನಗ ಸುಳ್ಳು ಹೇಳೂದು ಬರಂಗಿಲ್ರಿ."

ಅವಳು ದನಿ ಏರಿಸಲಿಲ್ಲ. ರೊಟ್ಟಿ ತಿರುವಿ ಹಾಕಿದಳು. ಸಾವಕಾರರು ಬಾಯಿ ತೆರೆದರು, ನಮ್ಮ ಮಾಳಿಗೆಯಲ್ಲಿ ನಾನು ನಿಂತದ್ದು ಕಂಡು ಮುಚ್ಚಿದರು. ಅವರು ಏನೆಂದು ಹೇಳಬೇಕಿತ್ತು? ಬೇರೆಯಾಗಿಲ್ಲ ಎಂದು ಕೂಗಿದರೆ ಅದು ಆಫೀಸಿಗೆ ಮುಟ್ಟುತ್ತದೆ. ಬೇರೆಯಾಗಿದ್ದೇವೆ ಎಂದು ಒಪ್ಪಿಕೊಂಡರೆ ಮಠದಲ್ಲಿ ಹೊದ್ದ ಶಾಲಿನ ಮಾನ ಹೋಗುತ್ತದೆ. ಮೆಟ್ಟಿಲಿನ ಮೇಲೆ ಹೇಮಂತ ಕೂತಿದ್ದ, ಮೇಲೂ ಅಲ್ಲ ಕೆಳಗೂ ಅಲ್ಲ. ಶಾಂಭವಿ ಅವನಿಗೆ, "ನಿಮಗ ಎಲ್ಲಿ ಬೇಕೋ ಅಲ್ಲಿ ಉಣ್ರಿ" ಎಂದಳು. ಅವನು ಎರಡೂ ಕಡೆ ಉಂಡ. ಈಗಲೂ ಹಾಗೆಯೇ ಉಣ್ಣುತ್ತಾನೆ, ಹೊಟ್ಟೆ ಬಂದಿದೆ.

ಕಂಪನಿಯವರು ಮೊದಲು ಆಗುವುದಿಲ್ಲ ಎಂದರು. ಅವಳು ಬಿಡಲಿಲ್ಲ, ನಡೆದದ್ದನ್ನು ಇದ್ದ ಹಾಗೆ ಬರೆದು ಕಳಿಸಿದಳು. ಒಲೆಯ ಮೂಲೆಯ ಪ್ರಶ್ನೆ ಅಲ್ಲಿ ಯಾರಿಗೋ ಹಿಡಿಸಿತ್ತಂತೆ, ಗಟ್ಟಿ ಲೈನು ಹಾಕಿಸಿಕೊಂಡು ಮತ್ತೆ ಬಾ ಎಂದರು. ಕೇಬಲ್ಲಿನವನು ಬಂದ. ಓಣಿಯ ಕಂಬದಿಂದ ಮೇಲಿನ ಖೋಲಿಗೆ ಕಪ್ಪು ವೈರು ಎಳೆದ, ಸಾವಕಾರರ ತಲೆಯ ಮೇಲಿಂದಲೇ. ಮನೆ ಬೇರೆ ಎನ್ನುವುದಕ್ಕೆ ಪುರಾವೆ ಕೇಳಿದ. ಶಾಂಭವಿ ಹೊಟ್ಟಿನ ಚೀಲ ಸರಿಸಿ ಮೀಟರು ತೋರಿಸಿದಳು. ಎರಡನೇ ಪಾಠ ಸುಸೂತ್ರವಾಗಿ ನಡೆಯಿತು, ಕೆಲಸ ಸಿಕ್ಕಿತು. ಅಂದು ನಾನು ಮಷಿನ್ ನಿಲ್ಲಿಸಿ ಗೋಡೆ ದಾಟಿ ಹೋಗಿ ಅವಳನ್ನು ಅಪ್ಪಿಕೊಂಡೆ.

ಸಾವಕಾರರು ಬಿಳಿ ಡಬ್ಬಿಗಳನ್ನು ಬಿಡಲಿಲ್ಲ, ಕೊಟ್ಟಿಗೆಯಲ್ಲಿ ಚುಚ್ಚಿಕೊಂಡರು. ಎಮ್ಮೆಯ ಪಕ್ಕದಲ್ಲಿ ಕೂತು ಎತ್ತಿನ ಓಟ ನೋಡುತ್ತಾರೆ. ಶಿವಗಂಗವ್ವ ಮಧ್ಯಾಹ್ನ ಮೇಲೆ ಹೋಗಿ ಸೊಸೆಯ ಮನೆಯ ಚಹಾ ಕುಡಿದು ಬರುತ್ತಾಳೆ. ಮೊದಮೊದಲು ಕದ್ದು ಹೋಗುತ್ತಿದ್ದಳು, ಈಗ ಹೇಳಿಯೇ ಹೋಗುತ್ತಾಳೆ.

ಮೊನ್ನೆ ಶಿವಗಂಗವ್ವನ ಬ್ಲೌಸು ಕೊಡಲು ಹೋಗಿದ್ದೆ. ಪಡಸಾಲೆಯಲ್ಲಿ ಬೇರೆ ಊರಿನ ಹಿರಿಯರೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಕೂತಿದ್ದರು. ಮಕ್ಕಳು ಬೇರೆಯಾಗುತ್ತೇವೆ ಎನ್ನುತ್ತಿದ್ದರಂತೆ, ಬುದ್ಧಿ ಹೇಳಿಸಲು ಕರೆತಂದಿದ್ದರು. ಸಾವಕಾರರು ಗೋಡೆ ತಟ್ಟುತ್ತಾ ಒಗ್ಗಟ್ಟಿನ ಬಗ್ಗೆ ಶುರುಮಾಡಿಯೇಬಿಟ್ಟಿದ್ದರು. ಕಿರಿಯ ಮಗ ಕಿಟಕಿಯಿಂದ ಹೊರಗೆ ನೋಡುತ್ತಾ, "ಮನಿಗೆ ಎರಡು ವಾಯರ್ ಬಂದಾವಲ್ರಿ, ಮ್ಯಾಲೆ ಯಾರದಾರ್ರಿ?" ಎಂದು ಕೇಳಿದ.

ಸಾವಕಾರರು ಕಣ್ಣು ಮಿಟುಕಿಸದೆ, "ಬಾಡಿಗಿ ಕೊಟ್ಟೇವಪಾ. ಖೋಲಿ ಖಾಲಿ ಬಿದ್ದಿತ್ತು" ಎಂದರು.

ಆಗಲೇ ಶಾಂಭವಿ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ಬೇರೆ ಮನೆಯವರನ್ನು ಊಟಕ್ಕೆ ಕರೆಯುವಾಗ ಹೇಗೆ ಕರೆಯುತ್ತಾರೋ ಹಾಗೆಯೇ ಅತ್ತೆಯ ಹಣೆಗೆ ಕುಂಕುಮ ಹಚ್ಚಿದಳು, ನನ್ನ ಕೈ ಹಿಡಿದು ನೀನೂ ಬಾ ಎಂದಳು. ಆಮೇಲೆ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಸಾವಕಾರರಿಗೆ ಕೈ ಮುಗಿದಳು.

"ಮಾವಾರ, ನನ್ನ ಕೆಲಸ ಖಾಯಂ ಆತ್ರಿ. ಹೋಳಿಗಿ ಮಾಡೇನಿ. ಇವತ್ತು ನಮ್ಮನಿಗೆ ಊಟಕ್ಕ ಬರ್ರಿ."

ಹೇಳಿ, ಬಂದವರಿಗೂ ಬನ್ನಿ ಎಂದು, ಮೇಲೆ ಹೋದಳು.

ಆ ಹಿರಿಯರ ಕಿರಿಯ ಮಗ ಬಹಳ ಗಂಭೀರವಾಗಿ ಕೇಳಿದ. "ಬಾಡಿಗಿ ಮಂದಿ ನಿಮಗ ಮಾವಾರ ಅಂತಾರೇನ್ರಿ?"

ಅವನ ಅಣ್ಣ ಅವನ ಕಾಲು ತುಳಿದ. ಆದರೆ ಅಣ್ಣನೂ ನಗು ತಡೆಯಲಾರದೆ ಮುಖ ತಿರುಗಿಸಿದ. ಬೇರೆಯಾಗಲು ಹೊರಟ ಇಬ್ಬರೂ ಒಟ್ಟಿಗೆ ನಕ್ಕರು. ಸಾವಕಾರರು ಎದ್ದರು. ಕಾಲು ತೊಳೆದುಕೊಂಡರು. ತಮ್ಮ ಅಜ್ಜ ಕಟ್ಟಿಸಿದ ಮೆಟ್ಟಿಲನ್ನು ನಿಧಾನವಾಗಿ ಹತ್ತಿದರು. ನಾನು ಹಿಂದಿನಿಂದ ನೋಡುತ್ತಲೇ ಇದ್ದೆ. ಖೋಲಿಯ ಬಾಗಿಲು ತೆರೆದೇ ಇತ್ತು. ಅವರು ಹೊಸ್ತಿಲ ಹೊರಗೆ ನಿಂತು, ಸೊಸೆ ಒಳಗೆ ಬರ್ರಿ ಎನ್ನುವ ತನಕ ಕಾದರು.